ನೈಸ್ ಎಂಬ ಕಲ್ಲು

ನನ್ನ ಚಿಕ್ಕಮ್ಮನ ಕಿವಿ ಒಂದೇ ದಿನದಲ್ಲಿ ಹೋದದ್ದಲ್ಲ. ಅವರು ಕಾರ್ಕಳದ ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಕೂತು ಫೋನು ತೆಗೆದುಕೊಳ್ಳುತ್ತಿದ್ದವರು. ಮೊದಲು ರೋಗಿಗಳ ಹೆಸರುಗಳು ಅದಲುಬದಲಾದವು. ಆಮೇಲೆ ಫೋನು ಬಲಗಿವಿಯಿಂದ ಎಡಗಿವಿಗೆ ಬಂತು. ಕೊನೆಕೊನೆಗೆ ಗಂಟೆ ಹೊಡೆದದ್ದು ಪಕ್ಕದವರು ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಯಾರೂ ಹೋಗು ಎನ್ನಲಿಲ್ಲ, ಅವರೇ ಒಂದು ದಿನ ಬ್ಯಾಗು ಎತ್ತಿಕೊಂಡು ಮನೆಗೆ ಬಂದರು. ಮಣಿಪಾಲದಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಇದು ನರದ ದೋಷ, ಯಂತ್ರ ಹಾಕಿದರೆ ಸದ್ದು ಕೇಳಬಹುದು, ಮಾತು ಬಿಡಿಸಿ ಕೇಳಲಿಕ್ಕಿಲ್ಲ ಎಂದರು. ಹಾಗೆಯೇ ಆಯಿತು. ಯಂತ್ರ ಹಾಕಿಕೊಂಡರೆ ಒಂದು ಸೌಟು ಬಿದ್ದರೂ ಅವರು ಬೆಚ್ಚಿಬೀಳುತ್ತಿದ್ದರು, ಎದುರಿಗೆ ಕೂತು ಮಾತಾಡಿದವರದ್ದು ಮಾತ್ರ ಬರೀ ಗುಂಯ್‌ಗುಟ್ಟುವಿಕೆ. ಯಂತ್ರ ಕಪಾಟು ಸೇರಿತು.

ಚಿಕ್ಕಪ್ಪನದು ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರ ಕೆಲಸ. ಇಡೀ ದಿನ ಊರುಗಳ ಹೆಸರು ಕೂಗಿ ಕೂಗಿ ಅವರ ಗಂಟಲು ಮನೆಯಲ್ಲೂ ತಗ್ಗುತ್ತಿರಲಿಲ್ಲ. ಆದರೆ ಚಿಕ್ಕಮ್ಮ ಅರ್ಥ ಮಾಡಿಕೊಳ್ಳುತ್ತಿದ್ದದ್ದು ಅವರ ತುಟಿಯನ್ನು ನೋಡಿ. ನಮ್ಮ ಮನೆಮಾತು ತುಳು. ತುಳು ಆಡುವ ತುಟಿಗಳನ್ನು ಚಿಕ್ಕಮ್ಮ ಹೇಗೋ ಓದಿಬಿಡುತ್ತಿದ್ದರು. ಕನ್ನಡವಾದರೆ ಅರ್ಧ, ಇಂಗ್ಲಿಷಾದರೆ ಏನೂ ಇಲ್ಲ. ಹಾಗಾಗಿ ಅವರ ಲೋಕ ಮನೆಯವರ ತುಟಿಗಳಷ್ಟಕ್ಕೇ ಇಳಿದುಬಿಟ್ಟಿತ್ತು. ನಾವೂ ಅವರಿಗೋಸ್ಕರ ಮಾತನ್ನು ಸಣ್ಣದು ಮಾಡಿಕೊಂಡಿದ್ದೆವು. ಊಟ ಆಯಿತಾ, ಬಸ್ಸು ಬಂತು, ಮೀನು ತಂದಿದ್ದೇನೆ. ಉದ್ದದ ಒಂದು ವಾಕ್ಯವನ್ನು ಯಾರೂ ಅವರಿಗೆ ಹೇಳುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಜ್ಜಿಗೂ ಇದೇ ಆಗಿತ್ತಂತೆ. ಅಮ್ಮನಿಗೆ ಆಗಲಿಲ್ಲ. ನನಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಈ ಗೊತ್ತಿಲ್ಲದಿರುವುದು ಚಪ್ಪಲಿಯೊಳಗೆ ಸೇರಿದ ಮರಳಿನಂತೆ, ನಡೆಯಲಿಕ್ಕೆ ಏನೂ ತೊಂದರೆಯಿಲ್ಲ, ಆದರೆ ಪ್ರತಿ ಹೆಜ್ಜೆಗೂ ಇದ್ದೇನೆ ಎನ್ನುತ್ತದೆ.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಮದುವೆಯಾದದ್ದು ಕಾಪುವಿಗೆ. ಗಂಡನ ಮನೆಯವರದು ಮೀನಿನ ವ್ಯಾಪಾರ. ಬೆಳಗ್ಗೆ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಸಂಜೆ ಅದೇ ತಿರುಗುಮುರುಗು. ಮೇಲಿನ ಹುದ್ದೆಗೆ ಹೋಗಬೇಕಾದರೆ ಹೊಸದೇನಾದರೂ ಕಲಿಯಿರಿ ಎಂದು ಲ್ಯಾಬಿನ ಹಿರಿಯರು ಹೇಳಿದ ಮೇಲೆ ನಾನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಕೋರ್ಸುಗಳಿಗೆ ಹೆಸರು ಕೊಡಲು ತೊಡಗಿದೆ. ಹೆಸರು ಕೊಡುವುದು ಎಷ್ಟು ಸುಲಭವೆಂದರೆ, ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಹುಡುಕುವಷ್ಟರಲ್ಲಿ ನಾನು ಯಾವುದೋ ದೇಶದ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿಬಿಡುತ್ತಿದ್ದೆ. ಮೊದಲ ವಾರದ ಪಾಠವನ್ನು ಆಸೆಯಿಂದ ನೋಡುತ್ತಿದ್ದೆ. ಎರಡನೆಯ ವಾರದ್ದು ಅರ್ಧ. ಆಮೇಲೆ, ನೀವು ಹಿಂದೆ ಉಳಿದಿದ್ದೀರಿ, ಇನ್ನೂ ಸಮಯವಿದೆ ಎಂಬ ಈಮೇಲುಗಳು. ಸಣ್ಣವಳಿದ್ದಾಗ ಫೀಸು ಕೊಟ್ಟು ಸೇರಿದ ಟೈಪಿಂಗ್ ಕ್ಲಾಸನ್ನು ಬಿಡುತ್ತೇನೆ ಎಂದಿದ್ದಕ್ಕೆ ಅಮ್ಮ ಸೌಟು ಹಿಡಿದು ಎದುರು ನಿಂತಿದ್ದರು. ಇಲ್ಲಿ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ, ಅದನ್ನು ಬಿಟ್ಟು ಮತ್ತೊಂದಕ್ಕೆ ಹಾರುತ್ತಾ ನನ್ನ ಫೋನು ಅರ್ಧ ಕಲಿತ ವಿಷಯಗಳಿಂದ ತುಂಬಿಹೋಗಿತ್ತು.

ಒಂದು ಭಾನುವಾರ ಕಾರ್ಕಳಕ್ಕೆ ಹೋದವಳು ಚಿಕ್ಕಮ್ಮನ ಅಡುಗೆಮನೆಯ ಬಾಗಿಲಲ್ಲಿ ಕೂತು, ಹಿಂದೆ ಉಳಿದ ಪಾಠವೊಂದನ್ನು ನೋಡುತ್ತಿದ್ದೆ. ಪಾಠ ಮಾಡುವವರ ಇಂಗ್ಲಿಷ್ ಉಚ್ಚಾರ ನನಗೆ ಹಿಡಿಯದ ಕಾರಣ ಕೆಳಗೆ ಸಬ್‌ಟೈಟಲ್ ಹಾಕಿಕೊಂಡಿದ್ದೆ. ಚಿಕ್ಕಮ್ಮ ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಅವರು ಹೇಳುವುದನ್ನೇ ಬರೆಯುವುದಾ?" ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

"ಎಲ್ಲವನ್ನೂ? ಒಂದೂ ಬಿಡದೆ?"

ಆ ಭಾನುವಾರ ನನ್ನ ಫೋನು ನನಗೆ ಮರಳಿ ಸಿಗಲಿಲ್ಲ. ಲ್ಯಾಬಿನ ಗುಣಮಟ್ಟ ಕಾಪಾಡುವುದು ಹೇಗೆ ಎಂಬ, ನನಗೇ ಆಕಳಿಕೆ ತರಿಸುವ ಪಾಠವನ್ನು ಚಿಕ್ಕಮ್ಮ ಕಾಯಿತುರಿ ಮೆತ್ತಿದ ಬೆರಳಿನಿಂದ ಫೋನನ್ನು ಹಿಡಿದುಕೊಂಡು ಕೊನೆಯವರೆಗೆ ಓದಿದರು. ಅವರಿಗೆ ವಿಷಯ ಮುಖ್ಯವಾಗಿರಲಿಲ್ಲ. ಗುರುತಿಲ್ಲದ ಒಬ್ಬರು, ಮಾತನ್ನು ಮೊಟಕು ಮಾಡದೆ, ಅವರ ಕಡೆಗೆ ಮುಖ ಮಾಡಿ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದರು. ಅಷ್ಟು ಸಾಕಾಗಿತ್ತು.

ಮುಂದಿನ ವಾರ ನನ್ನ ಹಳೆಯ ಟ್ಯಾಬ್ಲೆಟ್ಟನ್ನು ಕೊಂಡುಹೋಗಿ ಕೊಟ್ಟೆ. ಯಾವ ವಿಷಯ ಬೇಕು ಎಂದು ಕೇಳಿದ್ದಕ್ಕೆ ಅವರು ಯೋಚನೆಯನ್ನೇ ಮಾಡದೆ "ಕಲ್ಲು" ಎಂದರು. ಅವರೂ ಅಮ್ಮನೂ ಹುಟ್ಟಿದ ಮನೆ ಒಂದು ದೊಡ್ಡ ಬೋಳುಬಂಡೆಯ ಬುಡದಲ್ಲಿತ್ತು. ಹಪ್ಪಳ ಒಣಗಿಸುವುದು, ಮೆಣಸು ಹರಡುವುದು, ಹಠ ಮಾಡಿ ಓಡಿಹೋಗಿ ಕೂರುವುದು ಎಲ್ಲ ಅದರ ಮೇಲೆಯೇ. ಇದು ಎಲ್ಲಿಂದ ಬಂತು ಎಂದು ಶಾಲೆಯಲ್ಲಿ ಕೇಳಿದಾಗ, ದೇವರು ಇಟ್ಟದ್ದು, ಕೂತುಕೋ ಎಂದಿದ್ದರಂತೆ ಮೇಷ್ಟ್ರು. ಪಿಯುಸಿಯಲ್ಲಿ ವಿಜ್ಞಾನ ಓದಿ, ಮುಂದೆ ಕಲ್ಲುಗಳ ಬಗ್ಗೆಯೇ ಕಲಿಯುವ ಆಸೆ ಇತ್ತು. ಹತ್ತಿರದಲ್ಲಿ ಎಲ್ಲಿಯೂ ಆ ವಿಷಯ ಇರಲಿಲ್ಲ, ಆಮೇಲೆ ಮದುವೆಯಾಯಿತು, ಅಲ್ಲಿಗೆ ಮುಗಿಯಿತು.

ಮೊದಲು ಸೇರಿದ್ದು ವಿದೇಶದ ಒಂದು ಭೂವಿಜ್ಞಾನದ ಕೋರ್ಸಿಗೆ. ಅದರ ಸಬ್‌ಟೈಟಲುಗಳನ್ನು ಮನುಷ್ಯರು ಕೂತು ಬರೆದಿದ್ದರು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಚಿಕ್ಕಮ್ಮ ಅದನ್ನು ನುಂಗಿದರು ಎಂದೇ ಹೇಳಬೇಕು. ಗೊತ್ತಿಲ್ಲದ ಶಬ್ದಕ್ಕೆ ನಿಘಂಟು ನೋಡುತ್ತಾ, ಕೂರಲಾರದೆ ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾ ಓದುತ್ತಿದ್ದರು. ನಾನು ಎಂದೂ ಮುಟ್ಟದಿದ್ದ ಕೊನೆಯ ವಾರವನ್ನು ಅವರು ಗಡುವಿಗೆ ಮೊದಲೇ ಮುಟ್ಟಿದರು. ಮುಗಿದ ಮೇಲೆ ಖುಷಿಗಿಂತ ಹೆಚ್ಚಾಗಿ ಅಸಮಾಧಾನವೇ ಕಾಣುತ್ತಿತ್ತು. ಅದರಲ್ಲಿ ಹಿಮನದಿಗಳಿದ್ದವು, ಮರುಭೂಮಿಗಳಿದ್ದವು, ಬೆಂಕಿ ಉಗುಳುವ ಪರ್ವತಗಳಿದ್ದವು. ನಮ್ಮ ಬೋಳುಬಂಡೆ ಎಲ್ಲಿಯೂ ಇರಲಿಲ್ಲ. ನಾವು ಮನೆ ಕಟ್ಟುವ ಮುರಕಲ್ಲಿನ ಬಗ್ಗೆ ಒಂದು ಮಾತು ಬಂದಿತ್ತಂತೆ, ಅಷ್ಟೇ.

ನಮ್ಮ ದೇಶದ ಕಲ್ಲುಗಳ ಬಗ್ಗೆ, ನಮ್ಮ ದೇಶದ್ದೇ ಒಬ್ಬ ಪ್ರಾಧ್ಯಾಪಕರು ಮಾಡುವ ಉಚಿತ ಕೋರ್ಸೊಂದು ಶುರುವಾಗುತ್ತದೆ ಎಂದು ಗೊತ್ತಾದದ್ದು ಆಗ. ಚಿಕ್ಕಮ್ಮ ಮೊದಲ ದಿನವೇ ಹೆಸರು ಕೊಟ್ಟರು. ಪ್ರಾಧ್ಯಾಪಕರು ಒಳ್ಳೆಯವರು. ಕಲ್ಲನ್ನು ಕೈಯಲ್ಲಿ ಹಿಡಿದು, ಮಗುವಿನ ತಲೆ ಸವರುವ ಹಾಗೆ ಸವರುತ್ತಾ ಮಾತಾಡುವವರು. ಆದರೆ ಮಾತು ಬಹಳ ಬೇಗ. ಸಬ್‌ಟೈಟಲ್ ಬರೆಯುತ್ತಿದ್ದದ್ದು ಯಂತ್ರ. ಅದಕ್ಕೆ ಅವರ ಉಚ್ಚಾರವೂ ಹಿಡಿಯದು, ಕಲ್ಲುಗಳ ಹೆಸರೂ ತಿಳಿಯದು. ಬಸಾಲ್ಟ್ ಎಂಬ ಶಿಲೆ ಒಮ್ಮೆ ‘ಬೈ ಸಾಲ್ಟ್’, ಅಂದರೆ ‘ಉಪ್ಪಿನಿಂದ’ ಎಂದಾಗುತ್ತಿತ್ತು, ಇನ್ನೊಮ್ಮೆ ಯಾರೋ ಒಬ್ಬ ಮನುಷ್ಯನ ಹೆಸರಾಗುತ್ತಿತ್ತು. ಚಿಕ್ಕಮ್ಮ ಒಗಟು ಬಿಡಿಸುವಂತೆ ಬಿಡಿಸಿಕೊಂಡು ಮುಂದುವರಿದರು. ಒಂದು ವಿಷಯ ಮಾತ್ರ ಅವರಿಗೆ ವಿಚಿತ್ರವಾಗಿ ಕಂಡಿತ್ತು.

"ಈ ಮೇಷ್ಟ್ರಿಗೆ ಕಲ್ಲಿನ ಮೇಲೆ ಪ್ರೀತಿ ಜಾಸ್ತಿ ಉಂಟು. ಎಲ್ಲವನ್ನೂ ನೈಸ್, ನೈಸ್ ಅಂತ ಹೊಗಳುತ್ತಾರೆ. ಗ್ನೀಸ್ ಬಗ್ಗೆ ಮಾತ್ರ ಇನ್ನೂ ಶುರು ಮಾಡಲಿಲ್ಲ" ಎಂದರು.

ಗ್ನೀಸ್ ಎಂದರೆ ಅವರು ವಿದೇಶದ ಕೋರ್ಸಿನಲ್ಲಿ ಓದಿದ, ಬಿಳಿ ಕಪ್ಪು ಪಟ್ಟೆಗಳಿರುವ ಒಂದು ಜಾತಿಯ ಕಲ್ಲು. ಇಂಗ್ಲಿಷಿನಲ್ಲಿ ಅದು ‘ಜಿ’ ಅಕ್ಷರದಿಂದ ಶುರುವಾಗುತ್ತದೆ. ಅಕ್ಷರ ನೋಡಿದವರು ಹಾಗೆಯೇ ಓದುತ್ತಾರೆ. ನಾನೂ ಪಾಠ ಕೇಳಿ ನೋಡಿದೆ. ನನಗೂ ‘ನೈಸ್’ ಎಂದೇ ಕೇಳಿಸಿತು. ಒಳ್ಳೆಯ ಕಲ್ಲು ಎಂದು ಹೇಳುತ್ತಿದ್ದಾರೆ ಎಂದೇ ನಾನೂ ತಿಳಿದೆ.

ಮೂರನೆಯ ವಾರ, ಮನೆಯ ಹತ್ತಿರದ ಒಂದು ಕಲ್ಲಿನ ಫೋಟೋ ತೆಗೆದು ವಿವರಿಸಿ ಎಂಬ ಅಭ್ಯಾಸ ಬಂತು. ಅದನ್ನು ಓದಿ ಅಂಕ ಕೊಡುವವರು ಪ್ರಾಧ್ಯಾಪಕರಲ್ಲ. ಸಾವಿರಾರು ಜನ ಕಲಿಯುವ ಕಡೆ ಒಬ್ಬರು ಎಷ್ಟು ಓದಿಯಾರು? ಒಬ್ಬರದ್ದನ್ನು ಇನ್ನೊಬ್ಬರು ಓದಬೇಕು. ಚಿಕ್ಕಮ್ಮ ಒಬ್ಬರೇ ಬಸ್ಸು ಹತ್ತಿ ಕಾಪುವಿಗೆ ಬಂದರು. ಅಲ್ಲಿನ ಕಡಲತೀರದ ದೀಪಸ್ತಂಭದ ಬುಡದ ಬಂಡೆಗಳ ಮೇಲೆ ನಾವಿಬ್ಬರೂ ಜಾರುತ್ತಾ ಏರುತ್ತಾ ಅರ್ಧ ದಿನ ಕಳೆದೆವು. ಗಾಳಿ ಸೆರಗನ್ನು ಎಳೆದಾಡುತ್ತಿತ್ತು. ಅಲೆ ಬಂದು ಬಡಿಯುವಾಗಲೆಲ್ಲ ನಾನು ಬೆದರುತ್ತಿದ್ದೆ, ಅವರು ಬೆದರುತ್ತಿರಲಿಲ್ಲ, ಮುಖಕ್ಕೆ ನೀರು ಹಾರಿದ ಮೇಲೆಯೇ ತಿರುಗುತ್ತಿದ್ದರು. ಪಟ್ಟೆಗಳಿದ್ದ ಒಂದು ಬಂಡೆಯನ್ನು ಆರಿಸಿ, ಪಟ್ಟೆ ಎಷ್ಟು ಅಗಲ, ಯಾವ ಕಡೆ ಬಾಗಿದೆ ಎಲ್ಲವನ್ನೂ ಬರೆದರು. ಮೇಷ್ಟ್ರ ಹಾಗೆಯೇ ಶುರು ಮಾಡಬೇಕೆಂದು, ಇದು ಒಂದು ನೈಸ್ ಕಲ್ಲು ಎಂದು ಮೊದಲ ಸಾಲಿನಲ್ಲಿ ಹೊಗಳಿದರು. ಸ್ಪೆಲಿಂಗು ಸಬ್‌ಟೈಟಲಿನದ್ದು. ಮೇಷ್ಟ್ರು ಇನ್ನೂ ಕಲಿಸದ ಗ್ನೀಸ್ ಎಂಬ ಹೆಸರನ್ನು ಮಾತ್ರ ಬರೆಯಲು ಹೋಗಲಿಲ್ಲ.

ಅದನ್ನು ಓದಿದ ಯಾರೋ ಒಬ್ಬರು ಬರೆದಿದ್ದರು: ಕಲ್ಲು ಚೆನ್ನಾಗಿದೆ, ಒಪ್ಪಿದೆ. ಅದರ ಹೆಸರೇನು?

ಚಿಕ್ಕಮ್ಮನಿಗೆ ಅವಮಾನವಾಯಿತು. ನಾನು ಕಾರ್ಕಳಕ್ಕೆ ಹೋದಾಗ ಆ ವಾರದ ಪಾಠವನ್ನು ಇಬ್ಬರೂ ಒಟ್ಟಿಗೆ ಹಾಕಿ ಕೂತೆವು, ಅವರು ಕಣ್ಣಿನಿಂದ, ನಾನು ಕಿವಿಯಿಂದ. ಒಂದು ಕಡೆ ಪ್ರಾಧ್ಯಾಪಕರ ಹಿಂದಿನ ಪರದೆಯಲ್ಲಿ ‘ಜಿ’ಯಿಂದ ಶುರುವಾಗುವ ಆ ಶಬ್ದ ದೊಡ್ಡದಾಗಿ ಮೂಡಿತು. ಅವರು ಅದಕ್ಕೆ ಬೆರಳು ತೋರಿಸಿ ‘ನೈಸ್’ ಎಂದರು. ನಾನು ನಿಲ್ಲಿಸಿದೆ. ಹಿಂದೆ ಹೋಗಿ ಮತ್ತೆ ಕೇಳಿದೆ. ಮತ್ತೆ ನೈಸ್. ನಿಘಂಟಿನಲ್ಲಿ ನೋಡಿದರೆ, ‘ಜಿ’ ಬರೆಯಲಿಕ್ಕೆ ಮಾತ್ರ, ಉಚ್ಚರಿಸಲಿಕ್ಕೆ ಇಲ್ಲ. ಅವರು ಇಷ್ಟು ವಾರ ಹೊಗಳುತ್ತಿದ್ದದ್ದಲ್ಲ, ಹೆಸರು ಹೇಳುತ್ತಿದ್ದದ್ದು. ನಾನು ಅದನ್ನು ತುಟಿಯಲ್ಲಿ ಆಡಿ ತೋರಿಸಿದಾಗ ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು. ಇದೊಂದು ಗೊತ್ತಾಯಿತು, ಗೊತ್ತಾಗದೆ ಹೋದದ್ದು ಎಷ್ಟು ಉಂಟೋ ಎಂದರು.

ಸಬ್‌ಟೈಟಲನ್ನು ನಾನೇ ಸರಿಮಾಡಿ ಬರೆದುಕೊಡುತ್ತೇನೆ ಎಂದು ಹೇಳಿದ್ದು ಆಗ. ಹೇಳುವಾಗ ಅದು ಎಂತಹ ಕೆಲಸ ಎಂಬ ಅಂದಾಜು ನನಗೆ ಇರಲಿಲ್ಲ.

ಕೇಳು, ನಿಲ್ಲಿಸು, ಬರೆ, ಹಿಂದೆ ಹೋಗು, ಮತ್ತೆ ಕೇಳು. ಒಂದು ಸಣ್ಣ ಪಾಠದ ತುಂಡಿಗೆ ಕಾಪುವಿನಿಂದ ಉಡುಪಿಯವರೆಗಿನ ದಾರಿ ಸಾಲುತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ತುರುಕಿ, ಬಸ್ಸಿನ ಕುಲುಕಾಟದಲ್ಲಿ ಫೋನಿನ ಮೇಲೆ ಹೆಬ್ಬೆರಳು ಓಡಿಸುತ್ತಾ ಬರೆಯುತ್ತಿದ್ದೆ. ಕಂಡಕ್ಟರ ಸೀಟಿ ಒಂದು ಶಬ್ದವನ್ನು ತಿಂದರೆ, ಪಕ್ಕದ ಸೀಟಿನವರ ಫೋನು ಇನ್ನೊಂದನ್ನು ತಿನ್ನುತ್ತಿತ್ತು. ಬರೆದದ್ದನ್ನು ಕಳುಹಿಸಿದರೆ ಚಿಕ್ಕಮ್ಮ ಒಂದು ಕೈಯಲ್ಲಿ ಫೋನು, ಎದುರಿಗೆ ಟ್ಯಾಬ್ಲೆಟ್ಟು ಇಟ್ಟುಕೊಂಡು ಪ್ರಾಧ್ಯಾಪಕರ ಮುಖವನ್ನೂ ನನ್ನ ಅಕ್ಷರಗಳನ್ನೂ ಜೋಡಿಸಿಕೊಂಡು ಓದುತ್ತಿದ್ದರು. ಆಮೇಲೆ ಕೂಡಲೇ ಒಂದು ಸಂದೇಶ: ಮುಂದಿನದ್ದು?

ಅಷ್ಟೊಂದು ಗಮನವಿಟ್ಟು ಕೇಳುವುದನ್ನು ನಾನು ಅದಕ್ಕೆ ಮೊದಲು ಯಾವತ್ತೂ ಮಾಡಿದವಳಲ್ಲ. ಅದರಿಂದ ಇನ್ನೊಂದು ತೊಂದರೆ ಶುರುವಾಯಿತು. ಒಂದು ಶಬ್ದ ಸರಿಯಾಗಿ ಕೇಳದೆ ಮೂರು ಸಲ ಹಿಂದೆ ಹೋದರೆ, ಇದು ಬಸ್ಸಿನ ಸದ್ದಿನಿಂದಲೋ ನನ್ನ ಕಿವಿಯಿಂದಲೋ ಎಂಬ ಸಂಶಯ. ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳನ್ನು ತಿರುಗಿಸುವ ಯಂತ್ರದ ಗುಂಯ್ ಸದ್ದು ನಿನ್ನೆಯಷ್ಟೇ ಇದೆಯೋ, ಕಡಿಮೆಯಾಯಿತೋ ಎಂದು ನಿಂತು ಆಲಿಸುತ್ತಿದ್ದೆ. ಗಂಡ ಒಮ್ಮೆ ಕರೆದದ್ದು ಕೇಳದಿದ್ದರೆ, ಎಷ್ಟು ಜೋರಾಗಿ ಕರೆದದ್ದು ಎಂದು ವಿಚಾರಿಸುತ್ತಿದ್ದೆ. ಕೊನೆಗೆ ಊಟದ ಬಿಡುವಿನಲ್ಲಿ ಹೋಗಿ, ಚಿಕ್ಕಮ್ಮ ಕೂತ ಅಂತಹದ್ದೇ ಗಾಜಿನ ಕೋಣೆಯಲ್ಲಿ ಕೂತು ಕಿವಿಪರೀಕ್ಷೆ ಮಾಡಿಸಿಕೊಂಡೆ. ಸದ್ಯಕ್ಕೆ ಏನೂ ಇಲ್ಲ ಎಂದರು. ಆ ‘ಸದ್ಯಕ್ಕೆ’ಯನ್ನು ಹೊತ್ತುಕೊಂಡು ಕೆಲಸಕ್ಕೆ ಮರಳಿದೆ.

ಅಷ್ಟರಲ್ಲಿ ಮಳೆಗಾಲದ ಜ್ವರಗಳು ಶುರುವಾದವು. ಲ್ಯಾಬಿನಲ್ಲಿ ನೀರು ಕುಡಿಯಲೂ ಬಿಡುವಿಲ್ಲ. ಬಸ್ಸು ಹತ್ತಿದರೆ ನಿಂತೇ ಬರಬೇಕು, ಬರೆಯುವುದೆಲ್ಲಿಂದ? ಪಾಠಗಳು ಯಾರನ್ನೂ ಕಾಯದೆ ವಾರವಾರ ಬಂದು ಬೀಳುತ್ತಿದ್ದವು. ಚಿಕ್ಕಮ್ಮನ ಸಂದೇಶಗಳೂ ಹಾಗೆಯೇ. ನಾಲ್ಕನೆಯ ಭಾಗ ಆಯಿತಾ. ಗಡುವು ನಾಡಿದ್ದು. ಒಂದು ಸಂಜೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತು, ನನ್ನಿಂದ ಇನ್ನು ಆಗುವುದಿಲ್ಲ ಚಿಕ್ಕಮ್ಮ, ಕೈ ಸೋತಿತು ಎಂದು ಬರೆದು ಕಳುಹಿಸಿದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಫೋನನ್ನು ಚೀಲದಿಂದ ತೆಗೆಯುವುದು, ನೋಡುವುದು, ಒಳಗೆ ಹಾಕುವುದು ಇದನ್ನೇ ಮಾಡುತ್ತಿದ್ದೆ.

ಅವರು ಸಿಟ್ಟಾಗಿರಲಿಲ್ಲ. ಬರೆಯುತ್ತಿದ್ದರು. ಆ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಪರಸ್ಪರ ಪ್ರಶ್ನೆ ಕೇಳಿಕೊಳ್ಳುವ ಒಂದು ವೇದಿಕೆ ಇತ್ತು. ಎರಡು ದಿನ ತಿದ್ದಿ ತಿದ್ದಿ ಅಲ್ಲಿ ಇಂಗ್ಲಿಷಿನಲ್ಲಿ ಒಂದು ಮನವಿ ಹಾಕಿದ್ದರು. ನನಗೆ ಕಿವಿ ಕೇಳುವುದಿಲ್ಲ. ಯಂತ್ರ ಬರೆಯುವುದು ತಪ್ಪು. ನನ್ನ ಅಕ್ಕನ ಮಗಳು ಬರೆದುಕೊಡುತ್ತಿದ್ದಳು, ಅವಳಿಗೆ ಕೆಲಸ ಹೆಚ್ಚಾಗಿದೆ. ನಿಮ್ಮಲ್ಲಿ ಕೆಲವರು ಪಾಠದ ಸಣ್ಣ ಸಣ್ಣ ತುಂಡನ್ನು ಹಂಚಿಕೊಂಡು ಬರೆದರೆ ನಾನು ಕೋರ್ಸು ಮುಗಿಸಬಹುದು. ಜೊತೆಗೆ ನೈಸ್ ಕಲ್ಲಿನ ಕತೆಯನ್ನೂ ಹೇಳಿದ್ದರು.

ಮೊದಲು ಉತ್ತರಿಸಿದವರು, ಸಬ್‌ಟೈಟಲ್ ಇದೆಯಲ್ಲ, ಪರದೆಯ ಕೆಳಗಿನ ಗುಂಡಿ ಒತ್ತಿ ಎಂದರು. ಎರಡನೆಯವರು, ಹೇಗೂ ಬರೆಯುವುದಾದರೆ ಎಲ್ಲ ವಾರಗಳ ನೋಟ್ಸು ನನಗೂ ಕಳುಹಿಸಿ ಎಂದರು. ಕೋರ್ಸಿನ ಕಡೆಯಿಂದ, ನಿಮ್ಮ ಸಲಹೆಯನ್ನು ಸಂಬಂಧಪಟ್ಟವರಿಗೆ ತಲುಪಿಸಲಾಗಿದೆ ಎಂದು ಬಂತು. ನಾನು ಅದನ್ನೆಲ್ಲ ಓದಿ ಕುದಿಯುತ್ತಿದ್ದೆ. ಆಮೇಲೆ ರೈಲ್ವೆಯಿಂದ ನಿವೃತ್ತರಾದ ಒಬ್ಬರು, ನಾನು ಟೈಪ್ ಮಾಡಬಲ್ಲೆ, ಯಾವ ತುಂಡು ಎಂದು ಕೇಳಿದರು. ಅವರ ಹಿಂದೆ ಇನ್ನೂ ಕೆಲವರು ಬಂದರು. ಒಬ್ಬಳು ಬಾಣಂತಿ, ಎಲ್ಲಿಯವಳೆಂದು ಹೇಳಲಿಲ್ಲ, ಮಗುವಿಗೆ ಹಾಲು ಕೊಡುವಾಗ ಒಂದು ಕೈ ಖಾಲಿ ಇರುತ್ತದೆ ಎಂದು ಬರೆದಿದ್ದಳು.

ಎಲ್ಲರದ್ದಕ್ಕಿಂತ ಚಿಕ್ಕಮ್ಮನಿಗೆ ಇಷ್ಟವಾದದ್ದು ಆ ಬಾಣಂತಿ ಬರೆದದ್ದು. ಅವಳು ಮಾತನ್ನು ಮಾತ್ರ ಬರೆಯುತ್ತಿರಲಿಲ್ಲ. ಪ್ರಾಧ್ಯಾಪಕರು ಕೆಮ್ಮಿದರು. ಹೊರಗೆ ಎಲ್ಲೋ ನವಿಲು ಕೂಗಿತು. ಕಲ್ಲನ್ನು ಮೇಜಿನ ಮೇಲೆ ಇಟ್ಟಾಗ ಟಕ್ ಎಂದಿತು. ಇದನ್ನೆಲ್ಲ ಸಾಲುಗಳ ನಡುವೆ ಹಾಕುತ್ತಿದ್ದಳು. ನಾನು ಅಷ್ಟು ವಾರ ಬರೆದರೂ ಒಂದು ಕೆಮ್ಮನ್ನೂ ಬರೆದಿರಲಿಲ್ಲ. ಅದು ಬೇಕಾಗಿರುವ ಸಂಗತಿ ಎಂದೇ ನನಗೆ ತೋರಿರಲಿಲ್ಲ.

"ಅವರಿಗೆ ಕೆಮ್ಮು ಉಂಟಂತೆ, ಮೂರು ವಾರದಿಂದ ಹೋಗಲಿಲ್ಲ. ಯಾರಾದರೂ ಕಷಾಯ ಮಾಡಿ ಕೊಡಬಾರದಾ?" ಎಂದು ಚಿಕ್ಕಮ್ಮ ನನ್ನ ಹತ್ತಿರ ಹೇಳಿದಾಗ, ಅವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಕಲಿಯುವುದು ಉಚಿತ. ಆದರೆ ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಈ ವಯಸ್ಸಿನಲ್ಲಿ ಅದು ಯಾಕೆ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ಚಿಕ್ಕಮ್ಮ, ಕೆಲಸ ಬಿಟ್ಟ ಮೇಲೆ ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಇವರಾದರೂ ಕೇಳಲಿ ಎಂದರು. ಚಿಕ್ಕಪ್ಪ ಪರೀಕ್ಷೆಯ ದಿನಕ್ಕೆ ರಜೆ ಹಾಕಿದರು.

ಕೇಂದ್ರ ಇದ್ದದ್ದು ಉಡುಪಿಯ ಹೊರಗಿನ ಒಂದು ಕಾಲೇಜಿನಲ್ಲಿ. ನಾವು ಮೂವರೂ ಹೋದೆವು. ಸುತ್ತಲೂ ಇದ್ದವರೆಲ್ಲ ಕಾಲೇಜಿನ ಮಕ್ಕಳು, ಯಾರೋ ಒಬ್ಬರು ಚಿಕ್ಕಮ್ಮನನ್ನು ಮೇಡಂ ಎಂದು ಕರೆದು ದಾರಿ ಬಿಟ್ಟರು. ನನಗೆ ಕಿವಿ ಕೇಳುವುದಿಲ್ಲ, ಏನಿದ್ದರೂ ಬರೆದು ತೋರಿಸಿ ಎಂದು ಬರೆದ ಚೀಟಿಯನ್ನು ಅವರು ಬಾಗಿಲಲ್ಲಿದ್ದ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ನಾವು ಹೊರಗೆ ಕೂತೆವು. ಚಿಕ್ಕಪ್ಪನಿಗೆ ಕೂರಲಾಗುತ್ತಿರಲಿಲ್ಲ. ಕಿಟಕಿಯವರೆಗೆ ಹೋಗುವುದು, ಕಾವಲಿನವ ಕೈ ಬೀಸಿದರೆ ಮರಳಿ ಬರುವುದು. ಅರ್ಧ ಹೊತ್ತಿನಲ್ಲಿ ಒಳಗಿನಿಂದ ಜೋರಾಗಿ ಒಂದು ಪ್ರಕಟಣೆ ಕೇಳಿಸಿತು. ಒಂದು ಸಾಲಿನ ಕಂಪ್ಯೂಟರುಗಳು ನಿಂತುಹೋಗಿವೆ, ಅಲ್ಲಿದ್ದವರು ಹಿಂದಿನ ಸಾಲಿಗೆ ಹೋಗಿ ಎಂದು. ಚಿಕ್ಕಪ್ಪ ನನ್ನ ಮುಖ ನೋಡಿದರು. ಅವರು ಕಿಟಕಿಗೆ ಬಾಯಿ ಕೊಟ್ಟು ಕೂಗುವುದರಲ್ಲಿದ್ದರು, ನಾನು ತೋಳು ಹಿಡಿದು ನಿಲ್ಲಿಸಿದೆ. ಕೂಗಿದರೂ ಚಿಕ್ಕಮ್ಮನಿಗೆ ಕೇಳುವುದಿಲ್ಲ ಎಂಬುದು ಇಬ್ಬರಿಗೂ ಆಮೇಲೆ ನೆನಪಾಯಿತು.

ಚಿಕ್ಕಮ್ಮ ಕೂತಿದ್ದದ್ದು ಅದೇ ಸಾಲಿನಲ್ಲಿ. ಚೀಟಿ ಬಾಗಿಲಿನವರ ಜೇಬಿನಲ್ಲಿಯೇ ಉಳಿದಿತ್ತು, ಕೋಣೆಯ ಒಳಗಿದ್ದವರು ಬೇರೆಯವರು. ಕಂಪ್ಯೂಟರು ಯೋಚಿಸುತ್ತಿದೆ ಎಂದುಕೊಂಡು ಚಿಕ್ಕಮ್ಮ ಕಪ್ಪು ಪರದೆಯ ಎದುರು ಕೈಕಟ್ಟಿ ಕಾದರಂತೆ. ಹಿಂದಿನಿಂದ ಒಬ್ಬಳು ಹುಡುಗಿ ಭುಜ ಮುಟ್ಟಿದ ಮೇಲೆ ತಿರುಗಿ ನೋಡಿದರೆ, ತಾವೊಬ್ಬರೇ ಆ ಸಾಲಿನಲ್ಲಿ. ಕೆಲವು ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ. ಹೊರಗೆ ಬಂದಾಗ ಚಿಕ್ಕಪ್ಪ ಜಗಳಕ್ಕೆ ಸಿದ್ಧರಾಗಿ ನಿಂತಿದ್ದರು. ಚಿಕ್ಕಮ್ಮ ಅವರ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಕುಡಿದು, ಪ್ರಶ್ನೆಗಳು ಚೆನ್ನಾಗಿದ್ದವು, ಗ್ನೀಸ್ ಬಗ್ಗೆಯೇ ಎರಡು ಇತ್ತು ಎಂದರು. ಉಚ್ಚಾರ ಅವರದ್ದೇ.

ಪಾಸಾದರು. ಹೇಳಿಕೊಳ್ಳುವಂತಹ ಅಂಕವಲ್ಲ. ಚಿಕ್ಕಪ್ಪ ಪ್ರಮಾಣಪತ್ರವನ್ನು ಪ್ರಿಂಟ್ ಹಾಕಿಸಿ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಕಂಡಕ್ಟರುಗಳಿಗೆಲ್ಲ ತೋರಿಸಿದರಂತೆ. ಇದರಿಂದ ಎಂತ ಸಿಗುತ್ತದೆ ಎಂದು ಒಬ್ಬ ಕೇಳಿದ್ದಕ್ಕೆ ಅವರು ಅದನ್ನು ಹಿಡಿದುಕೊಂಡು ಮುಂದಿನ ಬಸ್ಸಿನವರ ಕಡೆಗೆ ನಡೆದರಂತೆ.

ಚಿಕ್ಕಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಕೋರ್ಸು ಮುಗಿದ ಮೇಲೆ ಆ ವೇದಿಕೆಯನ್ನು ಮುಚ್ಚಿದ್ದರು. ಹಳೆಯದನ್ನು ಓದಬಹುದು, ಹೊಸದಾಗಿ ಬರೆಯುವಂತಿಲ್ಲ. ಬಾಣಂತಿಯ ಕೊನೆಯ ಸಂದೇಶ ಅಲ್ಲಿ ಕಾಣುತ್ತಿತ್ತು, ಪರೀಕ್ಷೆ ಹೇಗಾಯಿತು ಎಂದು ಕೇಳಿದ್ದಳು. ಉತ್ತರ ಕೊಡಲು ದಾರಿಯಿರಲಿಲ್ಲ. ಯಾರೂ ಯಾರ ನಂಬರನ್ನೂ ತೆಗೆದುಕೊಂಡಿರಲಿಲ್ಲ. ಸಾವಿರಾರು ಜನ ಒಂದು ಕೋಣೆಯಲ್ಲಿ ಕೂತಂತೆ ಇದ್ದವರು, ದೀಪ ಆರಿಸಿದೊಡನೆ ಒಬ್ಬರಿಗೊಬ್ಬರು ಇಲ್ಲವಾದರು. ಮಗುವಿಗೆ ಈಗ ಹಲ್ಲು ಬಂದಿರಬಹುದು ಎಂದು ಚಿಕ್ಕಮ್ಮ ಆಗಾಗ ಹೇಳುತ್ತಿದ್ದರು.

ಅದೇ ಕೋರ್ಸು ಮತ್ತೆ ಶುರುವಾದಾಗ, ನಾವೆಲ್ಲ ಬರೆದು ಕೋರ್ಸಿನವರಿಗೂ ಕಳುಹಿಸಿದ್ದ ಸಬ್‌ಟೈಟಲುಗಳನ್ನು ಹಾಕಿದ್ದಾರೋ ಎಂದು ನೋಡಲಿಕ್ಕಾಗಿಯೇ ಚಿಕ್ಕಮ್ಮ ಮತ್ತೊಮ್ಮೆ ಹೆಸರು ಕೊಟ್ಟರು. ಅದೇ ಪಾಠ, ಅದೇ ಕೆಮ್ಮು, ಕೆಳಗೆ ಅದೇ ‘ಒಳ್ಳೆಯ’ ಕಲ್ಲು. ಒಂದು ಅಕ್ಷರವೂ ಬದಲಾಗಿರಲಿಲ್ಲ. ನಾನು ಬಸ್ಸಿನಲ್ಲಿ ನಿಂತುಕೊಂಡೇ ಕೋರ್ಸಿನವರಿಗೆ ಉದ್ದದ ಈಮೇಲು ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಕೂಡಲೇ ಉತ್ತರ ಬಂತು. ಅಷ್ಟು ಬೇಗ ಬಂದದ್ದು ಯಂತ್ರದ್ದೇ ಇರಬೇಕು. ಚಿಕ್ಕಮ್ಮ ಈಮೇಲು ಬರೆಯಲಿಲ್ಲ. ಹೊಸ ವೇದಿಕೆಯಲ್ಲಿ ನಮ್ಮ ಬರಹವನ್ನೆಲ್ಲ ಹಾಕಿ, ಬೇಕಾದವರು ತೆಗೆದುಕೊಳ್ಳಿ ಎಂದರು. ಅನೇಕ ದಿನ ಯಾರೂ ಕೇಳಲಿಲ್ಲ. ಆಮೇಲೆ ಒಬ್ಬರು ಎರಡೇ ವಾಕ್ಯ ಬರೆದರು: ನನಗೂ ಕೇಳುವುದಿಲ್ಲ. ಐದನೆಯ ವಾರದ್ದು ಇದೆಯೇ?

ಅಲ್ಲಿಂದ ಅವರಿಬ್ಬರೂ ಬರೆದುಕೊಳ್ಳುತ್ತಿದ್ದಾರೆ. ಈ ಸಲ ಚಿಕ್ಕಮ್ಮ ಮೊದಲು ಕೇಳಿದ್ದು ಫೋನ್ ನಂಬರನ್ನು.

ಈಗ ಅವರಿಗೆ ಹೊಸ ಹಂಬಲ ಹುಟ್ಟಿದೆ. ಕನ್ನಡದಲ್ಲಿಯೂ ಉಚಿತ ಪಾಠಗಳು ಬಂದಿವೆ ಎಂದು ತಿಳಿದು ಹುಡುಕಿದರೆ, ಅವರಿಗೆ ಸಿಕ್ಕಿದವುಗಳಲ್ಲಿ ಧ್ವನಿ ಕನ್ನಡದ್ದು, ಸಬ್‌ಟೈಟಲ್ ಮಾತ್ರ ಇಲ್ಲ. ಇಂಗ್ಲಿಷ್ ಬಾರದ ಕಿವುಡರು ಎಲ್ಲಿಗೆ ಹೋಗಬೇಕು ಎಂದು ನನ್ನನ್ನು ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ಏನು ಬರುತ್ತದೆ ಎಂದು ನನಗೆ ಗೊತ್ತು. ಬಸ್ಸಿನಲ್ಲಿ ಯಾರಾದರೂ ಕನ್ನಡದಲ್ಲಿ ಉದ್ದಕ್ಕೆ ಮಾತಾಡಿದರೆ ಸಾಕು, ನನ್ನ ಹೆಬ್ಬೆರಳು ತಾನೇ ಅಲ್ಲಾಡುತ್ತದೆ. ನಾನು ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಅಂದಿಲ್ಲ. ನನ್ನದೇ ಲ್ಯಾಬಿನ ಕೋರ್ಸು ಇವತ್ತಿಗೂ ಎರಡನೆಯ ವಾರದಲ್ಲಿಯೇ ಇದೆ.

ಕಳೆದ ತಿಂಗಳು ಅವರು ನನ್ನನ್ನು ಬಜಗೋಳಿಯ ಕಡೆಗೆ ಕರೆದುಕೊಂಡು ಹೋದರು. ಅಲ್ಲಿಂದ ಕುದುರೆಮುಖದ ಕಡೆ ಹೋಗುವ ರಸ್ತೆಯಲ್ಲಿ ಒಂದು ತಿರುವಿನ ಹತ್ತಿರ ಗುಡ್ಡವನ್ನು ಕಡಿದಿದ್ದಾರೆ, ಒಳಗಿನ ಕಲ್ಲು ಹೊಸದಾಗಿ ಹೊರಗೆ ಬಿದ್ದಿದೆ, ಮಳೆ ಬಿದ್ದು ಪಾಚಿ ಹಿಡಿಯುವ ಮೊದಲು ನೋಡಬೇಕು ಎಂಬ ಆತುರ. ಬಸ್ಸಿನವರು ಚಿಕ್ಕಪ್ಪನ ಗುರುತಿನಿಂದ ತಿರುವಿನಲ್ಲಿಯೇ ಇಳಿಸಿದರು. ಚಿಕ್ಕಮ್ಮ ಗೋಡೆಯಂತೆ ನಿಂತ ಕಲ್ಲಿನ ಮೇಲೆ ಅಂಗೈ ಇಟ್ಟು, ಯಾವ ಪದರ ಮೊದಲು, ಯಾವುದು ಆಮೇಲೆ ನುಗ್ಗಿದ್ದು, ಯಾವುದು ಬೆಂದು ಮಡಚಿಕೊಂಡದ್ದು ಎಂದು ತುಳುವಿನಲ್ಲಿ ಹೇಳತೊಡಗಿದರು. ತಮ್ಮ ಧ್ವನಿ ತಮಗೆ ಕೇಳದ ಕಾರಣ ಅವರ ಮಾತು ಬಹಳ ಜೋರು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಾ ತಿರುಗುತ್ತಿದ್ದವು.

ನಾನು ಅವರ ಸೆರಗನ್ನು ಹಿಡಿದುಕೊಂಡು ನಿಂತಿದ್ದೆ. ಒಂದು ಕಣ್ಣು ಅವರ ಬೆರಳಿನ ಮೇಲೆ, ಇನ್ನೊಂದು ರಸ್ತೆಯ ಮೇಲೆ. ಪ್ರತಿ ಹಾರ್ನಿಗೂ ಅವರನ್ನು ಒಳಗೆ ಎಳೆಯುತ್ತಿದ್ದೆ. ಅವರು ಎರಡು ಸಲ ಎಳೆದತ್ತ ಬಂದು ಮಾತು ಮುಂದುವರಿಸಿದರು, ಮೂರನೆಯ ಸಲ ತಿರುಗಿ ನನ್ನ ಮುಖ ನೋಡಿದರು.

"ನೀನು ಒಂದು ಕಡೆ ನಿಲ್ಲುವುದಿಲ್ಲ ಮಾರಾಯ್ತಿ. ನಾನು ಹೇಳಿದ್ದು ಎಂತ ಕೇಳಿತು ನಿನಗೆ?"

ಎಲ್ಲವೂ ಕೇಳಿತು ಎಂದು ತುಟಿಯಾಡಿಸಿದೆ. ನಿಜ ಹೇಳಬೇಕೆಂದರೆ ಅರ್ಧ ಲಾರಿಗಳ ಪಾಲಾಗಿತ್ತು. ಅವರು ನಂಬಲಿಲ್ಲ. ನನ್ನ ಕೈ ಹಿಡಿದು ರಸ್ತೆಯಿಂದ ದೂರಕ್ಕೆ, ಕಲ್ಲಿನ ಇನ್ನೊಂದು ಮಗ್ಗುಲಿಗೆ ಕರೆದುಕೊಂಡು ಹೋಗಿ ಮೊದಲಿನಿಂದ ಶುರು ಮಾಡಿದರು.